ಜತ್ತಿಯವರ ಕಾಯಿದೆ, ನಮ್ಮಪ್ಪನ ನಾಲ್ಕೆಕರೆ

ಹೋದ ಬ್ಯಾಸಿಗ್ಯಾಗ ತಮ್ಮನೂ ನಾನೂ ಹೊಲ ಪಾಲು ಮಾಡಿಕೊಂಡೆವು. ಜಗಳ ಏನಿಲ್ಲ. ಮಕ್ಕಳು ದೊಡ್ಡವರಾಗ್ಯಾರ, ಲೆಕ್ಕ ಬ್ಯಾರೆ ಬ್ಯಾರೆ ಇದ್ದರ ಎಲ್ಲಾರಿಗೂ ಚಲೋ ಅಂತ ಅಷ್ಟ. ಹಳೇ ಕಾಗದಪತ್ರ ಬೇಕಾಗಿ ಅಪ್ಪನ ಟ್ರಂಕು ತೆಗೆದಾಗ ಉತಾರ, ಭೂಕಂದಾಯದ ಪಾವತಿ, ಸೊಸೈಟಿ ಸಾಲದ ಪಾಸ್‌ಬುಕ್ಕು, ಜಯಧರ ಹತ್ತಿ ಮಾರಿದ ಪಟ್ಟಿ ಎಲ್ಲ ಸಿಕ್ಕವು. ಕೆಳಗೆ ಒಂದು ನೋಟೀಸು. 1966ನೇ ಇಸವಿಯದು. ಜಮೀನಿನ ಮಾಲಕರು ಸ್ವಂತ ಸಾಗುವಳಿಗಾಗಿ ಅರ್ಧ ಜಮೀನು ವಾಪಸ್ ಕೇಳಿದ್ದಾರೆ, ನೀವು ಹಾಜರಾಗತಕ್ಕದ್ದು ಎಂದು ಅದರಲ್ಲಿ ಬರೆದಿತ್ತು.

ಅದೇ ಟ್ರಂಕಿನ ಮುಚ್ಚಳದ ಒಳಮೈಗೆ ಅಪ್ಪ ಪೇಪರಿನಲ್ಲಿ ಬಂದ ಒಂದು ಫೋಟೋ ಅಂಟಿಸಿದ್ದರು. ಗಾಂಧಿ ಟೋಪಿ ಹಾಕಿಕೊಂಡ ಬಿ.ಡಿ. ಜತ್ತಿಯವರದು, 1977ರಲ್ಲಿ ಅವರು ಹಂಗಾಮಿ ರಾಷ್ಟ್ರಪತಿ ಆದಾಗಿನದು. ಅರ್ಧ ಹೊಲ ಕಳೆದ ನೋಟೀಸೂ, ಆ ನೋಟೀಸಿಗೆ ದಾರಿ ಮಾಡಿಕೊಟ್ಟ ಕಾಯಿದೆ ತಂದವರ ಫೋಟೋನೂ ಒಂದೇ ಟ್ರಂಕಿನಾಗ! ಅಪ್ಪ ಬದುಕಿದ್ದಾಗ ಇದನ್ನು ಕೇಳಬೇಕು ಅಂತ ನನಗೆ ತಿಳಿಯಲಿಲ್ಲ. ಈಗ ನಾನೇ ಓದಿ, ಹಿರಿಯರನ್ನು ಕೇಳಿ ತಿಳಕೊಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮೂರ ಮಾತು. ಅಮ್ಮಿನಬಾವಿ ಧಾರವಾಡದಿಂದ ಸವದತ್ತಿ ಹಾದಿಯಲ್ಲಿ ಹತ್ತು-ಹನ್ನೆರಡು ಕಿಲೋಮೀಟರು. ಎರಿ ಭೂಮಿ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ. ಹಿಂಗಾರಿಗೆ ಜೋಳ, ಕಡ್ಲಿ, ಗೋದಿ, ಕುಸುಬಿ. ಹತ್ತಿ ಅಂತೂ ಇದ್ದೇ ಇತ್ತು. ನಮ್ಮಜ್ಜನಿಗೆ ಸ್ವಂತದ್ದು ಅಂತ ಇದ್ದದ್ದು ಎರಡೆಕರೆ ಮಡ್ಡಿ. ಧಾರವಾಡದಲ್ಲಿ ಮನೆ ಮಾಡಿಕೊಂಡಿದ್ದ ಮಾಲಕರೊಬ್ಬರ ಎಂಟೆಕರೆಯನ್ನು ಲಾವಣಿಗೆ ಹಾಕಿಕೊಂಡು ಉಳುತ್ತಿದ್ದ. ಸುಗ್ಗಿ ಆದ ಮೇಲೆ ಚಕ್ಕಡಿಯಲ್ಲಿ ಮಾಲಕರ ಪಾಲು ಹೇರಿಕೊಂಡು ಹೋಗಿ ಅವರ ಅಂಗಳದಾಗ ಇಳಿಸಿ ಬರುವುದು ಅಜ್ಜನಿಂದ ಅಪ್ಪನಿಗೆ ಬಂದ ಕೆಲಸ. ಊರಾಗ ಅರ್ಧಕ್ಕರ್ಧ ಮನೆತನದ ಕಥಿ ಹಿಂಗ ಇತ್ತು.

ಇನ್ನು ಜತ್ತಿಯವರು. ಬಸಪ್ಪ ದಾನಪ್ಪ ಜತ್ತಿ ಹುಟ್ಟಿದ್ದು 1912ರಲ್ಲಿ, ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ. ಆಗ ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ಕೊಲ್ಲಾಪುರದ ಸೈಕ್ಸ್ ಲಾ ಕಾಲೇಜಿನಲ್ಲಿ ಕಾನೂನು ಓದಿ ಬಂದು ಜಮಖಂಡಿಯಲ್ಲೇ ವಕೀಲಿ ಸುರು ಮಾಡಿದರು. 1940ರಲ್ಲಿ ಪುರಸಭೆ ಸದಸ್ಯ, 1945ರಲ್ಲಿ ಅದರ ಅಧ್ಯಕ್ಷ. ಆಮೇಲೆ ಸಂಸ್ಥಾನದ ಶಾಸನಸಭೆ, ಅಲ್ಲಿಂದ ಸಂಸ್ಥಾನದ ಮಂತ್ರಿ, 1948ರಲ್ಲಿ ದಿವಾನ. ಅಂದರೆ ಮೂವತ್ತೈದು-ಮೂವತ್ತಾರರ ವಯಸ್ಸಿಗೆ ಒಂದು ರಾಜ್ಯದ, ಸಣ್ಣದೇ ಇರಲಿ, ಮುಖ್ಯ ಕಾರಭಾರಿ.

ಆ ದಿವಾನಗಿರಿ ಬಹಳ ದಿನ ನಡೆಯಲಿಲ್ಲ. ರಾಜರೊಡನೆ ಹೊಂದಿಕೊಂಡು ಹೋಗಿ ಸಂಸ್ಥಾನವನ್ನು ಭಾರತದಲ್ಲಿ ಸೇರಿಸುವ ಕೆಲಸ ಅವರೇ ಮುಗಿಸಿದರು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. ತಾನು ಕುಂತ ಕುರ್ಚಿಯನ್ನು ತಾನೇ ಎತ್ತಿಟ್ಟ ಹಾಗೆ. ಮುಂದೇನು ಮಾಡಿದರು ಗೊತ್ತೇನ್ರಿ? ವಾಪಸ್ ಕರಿಕೋಟು ಹಾಕಿಕೊಂಡು ಕೋರ್ಟಿಗೆ ಹೋದರು! ಇಪ್ಪತ್ತು ತಿಂಗಳು ಮತ್ತೆ ವಕೀಲಿ ಮಾಡಿದರು. ಅವರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು. ನಿನ್ನೆ ದಿವಾನ ಆಗಿದ್ದವರು ಇವತ್ತು ಕಕ್ಷಿದಾರನ ಬದು-ಬಾಂದದ ತಕರಾರು ಕೇಳುತ್ತ ಕೂಡುವುದು ಅಂದರೆ ಹೊಟ್ಟೆಯೊಳಗೆ ತಾಳ್ಮೆ ಇರಬೇಕು. ಈಗ ತಾಲೂಕು ಪಂಚಾಯತಿಯಲ್ಲಿ ಒಂದು ಅವಧಿ ಕಳೆದವರೂ ತಿರುಗಿ ಹೊಲಕ್ಕೆ ಬರುವುದನ್ನು ನಾನು ಕಂಡಿಲ್ಲ. ಕುರ್ಚಿ ಹೋದರೂ ಕಾರು ಮಾತ್ರ ಹೋಗುವುದಿಲ್ಲ.

ಆಮೇಲೆ ವಿಲೀನವಾದ ಸೀಮೆಯ ಪರವಾಗಿ ಮುಂಬೈ ವಿಧಾನಸಭೆಗೆ ನಾಮಕರಣವಾದರು. ಒಂದೇ ವಾರದಲ್ಲಿ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿ. 1952ರ ಚುನಾವಣೆ ನಂತರ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಕೆಲಸ. 1956ರ ನವೆಂಬರ್ 1ಕ್ಕೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು, ಜತ್ತಿಯವರೂ ಬಂದರು. ಅಲ್ಲಿಗೆ ವಕೀಲ, ಪುರಸಭೆ ಅಧ್ಯಕ್ಷ, ಸಂಸ್ಥಾನದ ಮಂತ್ರಿ, ದಿವಾನ, ಮತ್ತೆ ವಕೀಲ, ಕಾರ್ಯದರ್ಶಿ, ಮುಂಬೈ ಸರಕಾರದ ಖಾತೆ ಅಂತ ಏಳು ನಮೂನಿ ಕೆಲಸ ಆಗಿತ್ತು. ಮುಖ್ಯಮಂತ್ರಿ ಆಗುವ ಮೊದಲಿನ ಮಾತಿದು.

ನಮ್ಮೂರಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಅವರು ಜತ್ತಿಯವರ ಹೆಸರು ಎತ್ತಿದರೆ ಸಾಕು, "ಅವರು ಒಂದೊಂದ ಪಾವಟಿಗಿ ಹತ್ತಿ ಮ್ಯಾಲ ಹೋದವರು, ಈಗಿನವರಂಗ ಹಾರಿ ಕುಂತವರಲ್ಲ" ಅನ್ನುತ್ತಾರೆ. ಖರೇ ಮಾತು. ಆದರೆ ನನ್ನ ತಕರಾರು ಅಲ್ಲೇ ಸುರು ಆಗುತ್ತದೆ. ಒಂದೊಂದೇ ಪಾವಟಿಗಿ ಹತ್ತುವ ಆ ಸ್ವಭಾವ ಮನುಷ್ಯನಿಗೆ ಚಲೋ. ಆತ ಮಾಡುವ ಕಾಯಿದೆಗೂ ಅದು ಚಲೋನೇ ಏನು?

1957ರಲ್ಲಿ ಏನಾಯಿತು ನೋಡಿ. ಮುಂಬೈ ರಾಜ್ಯದಲ್ಲಿ 1948ರ ಗೇಣಿ ಕಾಯಿದೆಗೆ 1956ರಲ್ಲಿ ತಿದ್ದುಪಡಿ ಬಂದಿತ್ತು. ಅದರಂತೆ 1957ರ ಏಪ್ರಿಲ್ 1ನೇ ತಾರೀಖಿಗೆ ಲಾವಣಿದಾರನೇ, ಕೆಲವು ವಿನಾಯಿತಿ ಬಿಟ್ಟು, ಜಮೀನು ಕೊಂಡುಕೊಂಡವ ಎಂದು ತಿಳಿಯತಕ್ಕದ್ದು. ಬೆಲೆ ಕಂತಿನಲ್ಲಿ ಕಟ್ಟತಕ್ಕದ್ದು. ಆ ಕಾಯಿದೆ ನಮ್ಮ ಧಾರವಾಡ ಸೀಮೆಗೂ ಇತ್ತು. ಆದರೆ ಆ ತಾರೀಖಿಗೆ ಐದು ತಿಂಗಳು ಮೊದಲೇ ನಾವು ಮೈಸೂರು ರಾಜ್ಯದವರಾಗಿದ್ದೆವು. ಹೊಸ ಸರಕಾರ ಆ ಕಲಮುಗಳನ್ನು ನಮ್ಮ ಭಾಗದಲ್ಲಿ ತಡೆಹಿಡಿಯಿತು. ಕೊಲ್ಲಾಪುರದ ಕಡೆಯ ಲಾವಣಿದಾರನಿಗೆ ಹಕ್ಕು ಬಂದ ಕಾಲಕ್ಕೆ ಅಮ್ಮಿನಬಾವಿಯ ಲಾವಣಿದಾರ "ಮುಂದ ನೋಡೂಣು" ಅನ್ನಿಸಿಕೊಂಡ. ಕರ್ನಾಟಕ ಒಂದಾಗಲಿ ಅಂತ ನಮ್ಮ ಹಿರಿಯರು ಹೋರಾಡಿದ್ದು ಸುಳ್ಳಲ್ಲ, ಆ ಹೆಮ್ಮೆ ನನಗೂ ಇದೆ. ಆದರೆ ಏಕೀಕರಣದ ಲೆಕ್ಕದಲ್ಲಿ ಲಾವಣಿದಾರ ತೆತ್ತ ಈ ಬಾಕಿಯನ್ನು ನವೆಂಬರ್ ಒಂದರ ಭಾಷಣದಲ್ಲಿ ಯಾರೂ ಹೇಳುವುದಿಲ್ಲ.

ತಡೆಹಿಡಿದದ್ದಕ್ಕೆ ಸರಕಾರದ ಕಾರಣವೂ ಇತ್ತು, ಅದನ್ನು ಮುಚ್ಚಿಡಬಾರದು. ಹೊಸ ರಾಜ್ಯದಲ್ಲಿ ಗೇಣಿ ಬಗ್ಗೆ ಐದು ನಮೂನಿ ಕಾಯಿದೆಗಳಿದ್ದವು. ನಮಗೆ ಮುಂಬೈಯದು, ಗುಲಬರ್ಗಾ ಕಡೆ ಹೈದರಾಬಾದಿನದು, ಹಳೇ ಮೈಸೂರಿಗೆ 1952ರದು, ಮಂಗಳೂರು ಕಡೆ ಮದ್ರಾಸಿನದು, ಕೊಡಗಿಗೆ ಅವರದೇ. ಇವೆಲ್ಲ ತೆಗೆದು ರಾಜ್ಯಕ್ಕೆಲ್ಲ ಒಂದೇ ಕಾಯಿದೆ ಮಾಡಲು 1957ರಲ್ಲಿ ಒಂದು ಸಮಿತಿ ನೇಮಿಸಿದರು. ಅದರ ಅಧ್ಯಕ್ಷರೇ ಜತ್ತಿಯವರು. ಸಂಸ್ಥಾನ ಕಂಡವರು, ಮುಂಬೈ ಸರಕಾರದ ಒಳಗೆ ಕೆಲಸ ಮಾಡಿದವರು, ಕೋರ್ಟಿನಲ್ಲಿ ಜಮೀನಿನ ವ್ಯಾಜ್ಯ ನಡೆಸಿದವರು. ಐದು ಎತ್ತನ್ನು ಒಂದೇ ನೊಗಕ್ಕೆ ಕಟ್ಟುವ ಆ ಕೆಲಸಕ್ಕೆ ಅವರಿಗಿಂತ ಚಲೋ ಮನುಷ್ಯ ಸಿಗುತ್ತಿರಲಿಲ್ಲ ಅಂತ ನಾನೂ ಒಪ್ಪುತ್ತೇನೆ.

ಸಮಿತಿಯ ವರದಿ ಬಂತು. 1958ರ ಮೇ ತಿಂಗಳಲ್ಲಿ ಜತ್ತಿಯವರೇ ಮುಖ್ಯಮಂತ್ರಿ ಆದರು. ಮುಂಬೈ ಕರ್ನಾಟಕದಿಂದ ಆ ಕುರ್ಚಿಗೆ ಹೋದವರಲ್ಲಿ ಅವರೇ ಮೊದಲಿಗರು. ವರದಿ ಬರೆದವರೇ ಮುಖ್ಯಮಂತ್ರಿ ಆಗುವುದು ಎಷ್ಟು ಸಲ ಆಗುತ್ತದೆ? ಮಳೆ ಆಗಿ ಹದ ಬಂದು, ಬೀಜವೂ ಮನೆಯಲ್ಲಿದ್ದು, ಕೂರಿಗಿ ಹೂಡಿ ನಿಂತ ಹಾಗೆ. ಬಿತ್ತುವುದೊಂದೇ ಬಾಕಿ.

ಆದರೆ ಕಾಯಿದೆ ಆದದ್ದು 1961ರಲ್ಲಿ. ಕಂದಾಯ ಮಂತ್ರಿ ಕಡಿದಾಳ್ ಮಂಜಪ್ಪನವರು ಅದನ್ನು ಸದನದಲ್ಲಿ ಮುಂದೆ ನಿಂತು ನಡೆಸಿದರು. ರಾಷ್ಟ್ರಪತಿ ಅಂಕಿತ 1962ರಲ್ಲಿ. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ಅಷ್ಟೊತ್ತಿಗೆ ಜತ್ತಿಯವರು ಮುಖ್ಯಮಂತ್ರಿ ಸ್ಥಾನದಿಂದ ಇಳಿದು ಮೂರು ವರ್ಷದ ಮೇಲಾಗಿತ್ತು. ಅವರು ಮುಖ್ಯಮಂತ್ರಿ ಆದಾಗಿನಿಂದ ಜಾರಿವರೆಗೆ ಏಳು ವರ್ಷ. ಈ ಏಳು ವರ್ಷ ಮಾಲಕರು ಸುಮ್ಮನೆ ಕುಂತಿದ್ದರೇನು? ಪೇಪರು ಓದುವವರು ಅವರು, ವಕೀಲರ ಪರಿಚಯ ಅವರಿಗೆ. ನಮ್ಮವರಿಗೆ ಕಾಯಿದೆ ಬರುತ್ತದೆ ಅಂತ ಗೊತ್ತಾಗುವ ಮೊದಲೇ ಎಷ್ಟೋ ಮಂದಿ ಲಾವಣಿದಾರರಿಂದ "ನನ್ನ ಸ್ವಖುಷಿಯಿಂದ ಜಮೀನು ಬಿಟ್ಟುಕೊಟ್ಟಿದ್ದೇನೆ" ಎಂದು ರಾಜೀನಾಮೆ ಬರೆಸಿಕೊಂಡಾಗಿತ್ತು. ಹೆಬ್ಬೆಟ್ಟಿನ ಸ್ವಖುಷಿ ಅದು. ನಮ್ಮ ಓಣಿಯಲ್ಲೇ ಎರಡು ಮನೆತನ ಹಿಂಗ ಹೊಲ ಬಿಟ್ಟು ಕೂಲಿಗೆ ನಿಂತವು. ಮುಂದಿನ ವರ್ಷ ಅದೇ ಹೊಲದಾಗ ಕೂಲಿಗೆ ಹೋದದ್ದೂ ಉಂಟು.

ಇನ್ನು ಕಾಯಿದೆಯ ಒಳಗೆ ಏನಿತ್ತು? ಗೇಣಿ ಬೆಳೆಯ ಕಾಲು ಭಾಗ ಅಥವಾ ಐದನೇ ಒಂದು ಭಾಗ ಮೀರಕೂಡದು ಅಂತ ಇತ್ತು, ಅದು ಒಳ್ಳೆಯದೇ. ಮಿತಿ ಮಾತ್ರ 27 ಸ್ಟ್ಯಾಂಡರ್ಡ್ ಎಕರೆ. ಕೆಳದರ್ಜೆಯ ಖುಷ್ಕಿ ಜಮೀನಿಗೆ ಲೆಕ್ಕ ಹಾಕಿದರೆ ಅದು 216 ಎಕರೆವರೆಗೆ ಹೋಗುತ್ತಿತ್ತು! 216 ಎಕರೆ ಇದ್ದವನನ್ನು ನಮ್ಮ ಸೀಮೆಯಲ್ಲಿ ಹುಡುಕಿಕೊಂಡು ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಮಾಲಕನಿಗೆ ಸ್ವಂತ ಸಾಗುವಳಿ ಮಾಡುವ ಇಚ್ಛೆ ಇದ್ದರೆ ಲಾವಣಿ ಕೊಟ್ಟ ಜಮೀನಿನಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳಬಹುದು. ಇದು ವಕೀಲನ ನ್ಯಾಯ. ಎರಡೂ ಕಕ್ಷಿಗಳನ್ನು ಕೇಳಿ, ನಡುವೆ ಗೆರೆ ಎಳೆದು, ನಿನಗರ್ಧ ನಿನಗರ್ಧ ಅಂದ ಹಾಗೆ. ಪುರಸಭೆಯಲ್ಲಿ, ಸಂಸ್ಥಾನದಲ್ಲಿ, ಮುಂಬೈಯಲ್ಲಿ ಎಲ್ಲರನ್ನೂ ಹೊಂದಿಸಿಕೊಂಡು ಹೋದ ಮನುಷ್ಯನಿಗೆ ಇದೇ ಸರಿ ಕಂಡಿರಬೇಕು. ಆದರೆ ಎರಡು ಕಡೆಯವರೂ ಸಮ ಇದ್ದಾಗ ಮಾತ್ರ ಅರ್ಧರ್ಧ ನ್ಯಾಯ. ಒಬ್ಬನಿಗೆ ಧಾರವಾಡದಾಗ ಮನೆ, ನೌಕರಿ, ಮತ್ತೊಬ್ಬನಿಗೆ ಆ ಎಂಟೆಕರೆಯೇ ಅನ್ನ. ಅಲ್ಲಿ ಅರ್ಧ ಅಂದರೆ ಒಬ್ಬನ ಉಪ್ಪಿನಕಾಯಿ, ಮತ್ತೊಬ್ಬನ ರೊಟ್ಟಿ.

ನನಗೆ ಆಗ ಎಂಟು ವರ್ಷ. ಸರ್ವೆಯವರು ಸರಪಳಿ ತಂದು ಅಳೆದದ್ದು ಕಣ್ಣಿಗೆ ಕಟ್ಟಿದಂಗ ಇದೆ. ಹೊಲದ ನಡುವೆ ಬಾಂದಗಲ್ಲು ನೆಟ್ಟರು. ಆಳೆತ್ತರದ ಜೋಳ ನಿಂತಿತ್ತು, ಕಲ್ಲು ನೆಡಲು ಎರಡು ಸಾಲು ಕಿತ್ತರು. ಹಾದಿ ಬದಿಯ ನಾಲ್ಕೆಕರೆ, ಆಳವಾದ ಎರಿ, ಮಾಲಕರಿಗೆ. ಹಳ್ಳದ ಕಡೆಯ ಇಳಿಜಾರು ನಾಲ್ಕೆಕರೆ ನಮಗೆ. ಅಜ್ಜ ಬದುವಿನ ಮೇಲೆ ಕುಂತಿದ್ದ, ಏನೂ ಮಾತಾಡಲಿಲ್ಲ. ಅಪ್ಪ ಮಾತ್ರ ಸರ್ವೆಯವರಿಗೆ ಮಜ್ಜಿಗಿ ತಂದುಕೊಟ್ಟ. ಯಾಕ ಕೊಟ್ಟಿ ಅಂತ ಅವ್ವ ರಾತ್ರಿ ಜಗಳ ತೆಗೆದಳು. "ಅವರೇನ ಮಾಡ್ತಾರ, ಬಿಸಲಾಗ ಬಂದಿದ್ರು" ಅಂದ ಅಪ್ಪ.

ಸ್ವಂತ ಸಾಗುವಳಿಗೆ ಅಂತ ತೆಗೆದುಕೊಂಡ ಆ ನಾಲ್ಕೆಕರೆಯಲ್ಲಿ ಮಾಲಕರು ಒಂದು ದಿನವೂ ಕುಂಟಿ ಹೊಡೆಸಲಿಲ್ಲ. ಬಾಯಿಮಾತಿನ ಮೇಲೆ ಬೇರೆಯವರಿಗೆ ಲಾವಣಿ ಕೊಟ್ಟರು, ಆಮೇಲೆ ಮಾರಿದರು. ಅದು ಕೈ ಬದಲಾಗುತ್ತ ಬದಲಾಗುತ್ತ ಈಗ ಪ್ಲಾಟಿನ ಕಲ್ಲು ಹೊತ್ತು ನಿಂತಿದೆ.

ಉಳಿದ ನಾಲ್ಕೆಕರೆ ನಮ್ಮದಾದದ್ದು ದೇವರಾಜ ಅರಸರ ಕಾಲಕ್ಕೆ. 1974ರ ತಿದ್ದುಪಡಿ. ಆ ವರ್ಷದ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರಕಾರದ್ದು, ಉಳುವವನು ಅರ್ಜಿ ಹಾಕಿ ತನ್ನ ಹೆಸರಿಗೆ ಮಾಡಿಕೊಳ್ಳಬೇಕು. ಮಾಲಕರಿಗೆ ಅರ್ಧ ವಾಪಸ್ ಅನ್ನುವ ಮಾತೇ ಇಲ್ಲ. ಮಿತಿಯನ್ನೂ 10 ಯೂನಿಟ್ಟಿಗೆ ಇಳಿಸಿದರು, ಖುಷ್ಕಿ ಆದರೆ ಹೆಚ್ಚೆಂದರೆ 54 ಎಕರೆ. ಅಪ್ಪ ನಮೂನೆ 7 ತುಂಬಿ ಕೊಟ್ಟ. ನ್ಯಾಯಮಂಡಳಿಯಲ್ಲಿ ಉಪವಿಭಾಗಾಧಿಕಾರಿ, ಜೊತೆಗೆ ಸರಕಾರ ನೇಮಿಸಿದ ನಾಲ್ಕು ಜನ. ಕಾಯಿದೆಯಂತೆ ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಅಪ್ಪ ತಾನೇ ನಿಂತು ಹೇಳಿದ: "ನಮ್ಮಪ್ಪ ಉಳತಿದ್ದ, ನಾ ಉಳತೀನಿ, ಊರವರನ್ನ ಕೇಳ್ರಿ." ಕೇಳಿದರು, ಕೊಟ್ಟರು.

ಇಲ್ಲಿಯವರೆಗೆ ಓದಿದವರು ನಾನು ಜತ್ತಿಯವರನ್ನು ಬೈಯಲಿಕ್ಕೆ ಕುಂತಿದ್ದೇನೆ ಅಂದುಕೊಂಡಿರಬಹುದು. ಹಂಗಲ್ಲ. ಅರಸರು ತಂದದ್ದು ಹೊಸ ಕಾಯಿದೆ ಅಲ್ಲ, 1961ರ ಕಾಯಿದೆಗೇ ತಿದ್ದುಪಡಿ. ರಾಜ್ಯಕ್ಕೆಲ್ಲ ಒಂದು ಕಾಯಿದೆ ಮೊದಲೇ ಇದ್ದದ್ದರಿಂದ ಅವರು ಅದರ ಕಲಮು ಬದಲಿಸಿ ಬೀದರದಿಂದ ಮಂಗಳೂರಿನವರೆಗೆ ಒಂದೇ ದಿನ ಜಾರಿ ಮಾಡಲು ಸಾಧ್ಯವಾಯಿತು. ಐದು ಕಾಯಿದೆ ಹಂಗ ಉಳಿದಿದ್ದರೆ 1974ರಲ್ಲೂ ಅವರು ಮೊದಲು ಸಮಿತಿ ನೇಮಿಸಬೇಕಿತ್ತು. ಹೊಲ ಹಸನ ಮಾಡಿದವರು ಒಬ್ಬರು, ಬಿತ್ತಿದವರು ಒಬ್ಬರು. ಜತ್ತಿಯವರಿಗೆ ಈ ಪಾಲು ಸಲ್ಲಬೇಕು, ಈಗಿನವರು ಅದನ್ನೂ ಮರೆತಿದ್ದಾರೆ. ಅವರ ಕಾಲಕ್ಕೇ ಬಂದ 1959ರ ಪಂಚಾಯಿತಿ ಕಾಯಿದೆಯೂ ಹಾಗೆಯೇ. ಗ್ರಾಮ ಪಂಚಾಯಿತಿ, ತಾಲೂಕು ಬೋರ್ಡು ಅಂತ ರಾಜ್ಯಕ್ಕೆಲ್ಲ ಒಂದೇ ವ್ಯವಸ್ಥೆ ಆಯಿತು. ಪುರಸಭೆಯ ಗಟಾರು, ದೀಪದ ಲೆಕ್ಕ ನೋಡಿದ ಮನುಷ್ಯನ ಕೈಯಿಂದ ಅದು ಬಂದದ್ದು ಆಶ್ಚರ್ಯ ಅಲ್ಲ.

ಆಮೇಲಿನದು ಪೇಪರು ಓದಿದವರಿಗೆ ಗೊತ್ತು. ಮುಖ್ಯಮಂತ್ರಿ ಆಗಿದ್ದವರು ನಿಜಲಿಂಗಪ್ಪನವರ ಕೈಕೆಳಗೆ ಹಣಕಾಸು, ಆಹಾರ ಖಾತೆ ನೋಡಿಕೊಂಡರು. ಪಾಂಡಿಚೇರಿ, ಒಡಿಶಾಕ್ಕೆ ಹೋದರು, 1974ರಲ್ಲಿ ಉಪರಾಷ್ಟ್ರಪತಿ ಆದರು. 1977ರಲ್ಲಿ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ. ಆಗಲೂ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆಯ ಕಾಗದಕ್ಕೆ ಕೂಡಲೇ ಸಹಿ ಹಾಕದೆ ತಡೆದು, ಆಮೇಲೆ ಹಾಕಿದರು. ಅದೇ ಸ್ವಭಾವ! 2002ರ ಜೂನ್‌ನಲ್ಲಿ ತೀರಿಕೊಂಡರು.

ಇದನ್ನೆಲ್ಲ ಈಗ ಯಾಕೆ ಬರೆಯಬೇಕು? 1974ರ ತಿದ್ದುಪಡಿಯಲ್ಲೇ 79ಎ, 79ಬಿ ಅಂತ ಎರಡು ಕಲಮು ಬಂದಿದ್ದವು. ಬೇರೆ ಆದಾಯ ಇಷ್ಟಕ್ಕಿಂತ ಹೆಚ್ಚಿದ್ದವರು, ಬೇಸಾಯ ಮಾಡದವರು, ಕಂಪನಿಗಳು ಹೊಲ ಕೊಳ್ಳಬಾರದು ಅಂತ. ಆದಾಯದ ಮಿತಿ 2 ಲಕ್ಷ ಇದ್ದದ್ದು 2015ರಲ್ಲಿ ಒಮ್ಮೆಲೇ 25 ಲಕ್ಷ ಆಯಿತು. 2020ರ ಜುಲೈಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಆ ಕಲಮುಗಳನ್ನೇ ತೆಗೆದರು. ಕೊರೊನಾ ಕಾಲ, ಊರ ಹಾದಿಗೆ ಮುಳ್ಳುಕಂಟಿ ಹಚ್ಚಿದ ವರ್ಷ. ಡಿಸೆಂಬರಿನಲ್ಲಿ ಸದನ ಒಪ್ಪಿತು.

ಲಾವಣಿದಾರನಿಗೆ ಹೊಲ ಕೊಡಲು 1957ರಿಂದ 1974ರತನಕ ಹದಿನೇಳು ವರ್ಷ ಬೇಕಾಯಿತು. ಸಮಿತಿ, ವರದಿ, ಚರ್ಚೆ, ಅಂಕಿತ. ಆ ಹೊಲಕ್ಕೆ ಹಚ್ಚಿದ್ದ ಬೇಲಿ ತೆಗೆಯಲು ಒಂದು ಸಹಿ ಸಾಕಾಯಿತು. ನಿಧಾನ ಅನ್ನುವುದು ರೈತನಿಗೆ ಕೊಡುವಾಗ ಮಾತ್ರ ಇರುವ ಗುಣವೇನು? ಜತ್ತಿಯವರ ನಿಧಾನವನ್ನು ನಾನು ದೂರಿದೆ. ಆದರೆ 2020ರಲ್ಲಿ ಅಂಥ ಒಬ್ಬ ನಿಧಾನಿ ಇದ್ದಿದ್ದರೆ ಚಲೋ ಇತ್ತು ಅಂತಲೂ ಅನ್ನಿಸುತ್ತದೆ. ಏಳು ಕಡೆ ಕೆಲಸ ಮಾಡಿ ಬಂದವರು, ಕನಿಷ್ಠ ಎದುರಿನವನ ಮಾತು ಕೇಳುತ್ತಿದ್ದರು.

ನಮ್ಮೂರಲ್ಲಿ ಇದಕ್ಕೆ ಎರಡು ಮಾತಿವೆ. ನನ್ನ ವಾರಿಗೆಯ ಗೆಳೆಯನೊಬ್ಬ ಮಗಳ ಮದುವಿಗೆ, ದವಾಖಾನಿ ಸಾಲಕ್ಕೆ ಒಂದೆಕರೆ ಮಾರಿದ. "ಯಾಂವ ಜಾಸ್ತಿ ಕೊಡತಾನ ಅಂವಗ ಮಾರತೀನಿ. ರೈತಗ ಮಾರು ಅಂದ್ರ ರೈತನ ಹತ್ರ ರೊಕ್ಕ ಎಲ್ಲಿ ಅದ?" ಅನ್ನುತ್ತಾನೆ. ಅವನ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಆದರೆ ಹೋದ ವರ್ಷ ಅವನ ಮಗನೇ ಎರಡೆಕರೆ ಕೊಳ್ಳಲು ಹೊರಟ. ಬೆಲೆ ಕೇಳಿ ಸುಮ್ಮನಾದ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆ ನೀರು ಶುದ್ಧವಾಗಿ ಹೋಗುವುದು ನಮ್ಮೂರಿನಿಂದ. ಈಗ ಊರಿನವರು ಅದರ ಹಿಂದೆ ಬರುತ್ತಿದ್ದಾರೆ, ಹೊಲ ಕೇಳುತ್ತಿದ್ದಾರೆ. ಬೆಳಿ ಲೆಕ್ಕದಾಗ ಹೊಲ ಕೊಳ್ಳುವವನಿಗೆ ಈ ಧಾರಣಿ ಎಂದೂ ಹೊಂದುವುದಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಹೊಲದ ಮಾಲಕತ್ವದ ಯಾವುದೇ ಕಲಮು ಬದಲಿಸುವ ಮೊದಲು ಅದರ ಕರಡನ್ನು ಕನ್ನಡದಲ್ಲಿ ಪ್ರತಿ ಗ್ರಾಮಸಭೆಗೆ ಕಳಿಸಬೇಕು, ಸುಗ್ರೀವಾಜ್ಞೆಯಲ್ಲಿ ಅದನ್ನು ಮುಟ್ಟಬಾರದು. ರೈತನಿಗೆ ಕೊಡುವ ಕಾಯಿದೆ ಆದರೆ ಅಂಕಿತ ಬಿದ್ದ ದಿನವೇ ಜಾರಿಯ ತಾರೀಖೂ ಇರಬೇಕು.

ಅಪ್ಪ ಆ ಫೋಟೋ ಯಾಕೆ ಅಂಟಿಸಿದರು ಎಂದು ತಮ್ಮನನ್ನು ಕೇಳಿದೆ. "ನಮ್ಮ ಕಡಿಯವರು ದಿಲ್ಲಿಯೊಳಗ ಅಷ್ಟ ದೊಡ್ಡ ಕುರ್ಚಿ ಮ್ಯಾಲ ಕುಂತಾರಂತ ಹಚ್ಚಿರಬೇಕಪಾ, ಮತ್ತೇನ" ಅಂದ. ಇರಬಹುದು. ಟ್ರಂಕು ಅವನ ಪಾಲಿಗೆ ಹೋಯಿತು, ನೋಟೀಸು ನಾನಿಟ್ಟುಕೊಂಡೆ. ನಿಮ್ಮ ಮನೆಯ ಟ್ರಂಕಿನಲ್ಲೂ 1965ರಿಂದ 1974ರ ನಡುವಿನ ಇಂಥ ನೋಟೀಸು, ರಾಜೀನಾಮೆ ಪತ್ರ ಇದ್ದರೆ ಎಸೆಯಬೇಡಿ, ಪತ್ರಿಕೆಗೆ ಬರೆದು ಕಳಿಸಿ. ಎಷ್ಟು ಎಕರೆ ಹೋಯಿತು, ಈಗ ಅಲ್ಲಿ ಏನಿದೆ ಅನ್ನುವುದನ್ನೂ ತಪ್ಪದೆ ಬರೆಯಿರಿ.